ಚುಕ್ಕಿಯಿಂದ ಶುರುವಾಗುವ ವಿಳಾಸ

1993ರ ಬೇಸಿಗೆಯಲ್ಲಿ ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಮ್ಯಾಥ್ಯೂ ಗ್ರೇ ಅವರಿಗೆ ಒಂದು ಕುತೂಹಲ ಹತ್ತಿತು. ವೆಬ್ ಎಂಬ ಈ ಹೊಸ ಜಾಲ ಎಷ್ಟು ದೊಡ್ಡದಿರಬಹುದು? ಎಣಿಸಲೆಂದು ಒಂದು ಪ್ರೋಗ್ರಾಂ ಬರೆದರು. ಅದು ಒಂದು ಪುಟ ತೆರೆಯುತ್ತಿತ್ತು, ಅಲ್ಲಿದ್ದ ಕೊಂಡಿ ಹಿಡಿದು ಇನ್ನೊಂದಕ್ಕೆ ಹೋಗುತ್ತಿತ್ತು, ಅಲ್ಲಿಂದ ಮತ್ತೊಂದಕ್ಕೆ. ಹಗಲು ರಾತ್ರಿ ಅಲೆಯುವ ಆ ಪ್ರೋಗ್ರಾಮಿಗೆ ವಾಂಡರರ್ ಎಂದು ಹೆಸರಿಟ್ಟರು. ಜೂನ್ ತಿಂಗಳಲ್ಲಿ ಅದರ ಲೆಕ್ಕಕ್ಕೆ ಸಿಕ್ಕಿದ್ದು 130 ತಾಣ, ಡಿಸೆಂಬರಿಗೆ 623. ಎಣಿಕೆಯೇನೋ ನಡೆಯಿತು. ಆದರೆ ವಾಂಡರರ್ ಬಂದು ಹೋದ ಸರ್ವರ್‌ಗಳು ಏದುಸಿರು ಬಿಡತೊಡಗಿದವು. ಒಂದೇ ಪುಟವನ್ನು ಅದು ದಿನಕ್ಕೆ ನೂರಾರು ಸಲ ಕೇಳುತ್ತಿತ್ತು. ಆ ಕಾಲದ ಸರ್ವರ್ ಎಂದರೆ ಯಾವುದೋ ವಿಭಾಗದ ಮೂಲೆಯ ಮೇಜಿನ ಮೇಲಿನ ಒಂಟಿ ಯಂತ್ರ, ಅದಕ್ಕೆ ಜೋಡಿಸಿದ ಬಡಕಲು ತಂತಿ. ನಾಲ್ಕು ಮಂದಿ ಒಟ್ಟಿಗೆ ಬಂದರೇ ತಡೆಯುವುದು ಕಷ್ಟ. ಬರುತ್ತಿದ್ದದ್ದು ಮನುಷ್ಯರಲ್ಲ, ದಣಿವೇ ಇಲ್ಲದ ರೋಬಾಟುಗಳು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ನಗರದ ನೆಕ್ಸರ್ ಎಂಬ ಕಂಪನಿಯಲ್ಲಿ ಮಾರ್ಟೈನ್ ಕಾಸ್ಟರ್ ಎಂಬ ಯುವ ಎಂಜಿನಿಯರ್ ಇದ್ದರು. ಅಲೆದಾಡಿ ಹುಡುಕುವ ದಾರಿಯೇ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ತಾಣದಲ್ಲಿ ಏನಿದೆ ಎಂಬುದನ್ನು ತಾಣದವರೇ ಒಂದು ಫೈಲಿನಲ್ಲಿ ಬರೆದಿಟ್ಟರೆ ಸಾಕು, ಹುಡುಕುವವರು ಅದೊಂದನ್ನು ಓದಿಕೊಂಡು ಹೋಗಲಿ ಎಂಬುದು ಅವರ ಯೋಚನೆ. ಅದೇ ಯೋಚನೆಯ ಮೇಲೆ ಅಲಿವೆಬ್ ಎಂಬ ಹುಡುಕುಸೇವೆಯನ್ನು ಕಟ್ಟಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಫೈಲು ಬರೆದಿಡುವ ತಾಳ್ಮೆ ಹೆಚ್ಚಿನವರಿಗೆ ಇರಲಿಲ್ಲ. ಆದರೆ ಸರ್ವರ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಜಾಗದಲ್ಲಿ, ಎಲ್ಲರಿಗೂ ಗೊತ್ತಿರುವ ಹೆಸರಿನ ಒಂದು ಫೈಲು ಇರಬೇಕು ಎಂಬ ಬೀಜ ಮಾತ್ರ ಕಾಸ್ಟರ್ ತಲೆಯಲ್ಲಿ ಉಳಿಯಿತು.

ಅದು ಮೊಳೆತದ್ದು ಒಂದು ಅಪಘಾತದಿಂದ. ಮುಂದೆ ವೈಜ್ಞಾನಿಕ ಕಾದಂಬರಿಗಳಿಂದ ಹೆಸರಾದ ಚಾರ್ಲ್ಸ್ ಸ್ಟ್ರಾಸ್ ಆಗ ಇಂಗ್ಲೆಂಡಿನಲ್ಲೇ ಕಂಪ್ಯೂಟರ್ ಕೆಲಸದಲ್ಲಿದ್ದರು. ಕಲಿಕೆಗೆಂದು ಅವರೂ ಒಂದು ರೋಬಾಟ್ ಬರೆದರು. ಎರಡು ವಿನಂತಿಗಳ ನಡುವೆ ಉಸಿರು ಬಿಡುವ ಸೌಜನ್ಯ ಅದಕ್ಕಿರಲಿಲ್ಲ. ಹೋಗಿ ಬಿದ್ದದ್ದು ಕಾಸ್ಟರ್ ಅವರ ಸರ್ವರ್ ಮೇಲೆ. ಸರ್ವರ್ ಕೈಚೆಲ್ಲಿತು. ರೋಬಾಟುಗಳಿಗೆ ಲಗಾಮು ಬೇಕೆಂದು ಕಾಸ್ಟರ್ ಹೊರಡಲು ತಾನೇ ಕಾರಣ ಎಂದು ಸ್ಟ್ರಾಸ್ ಮುಂದೆ ಹೇಳಿಕೊಂಡಿದ್ದಾರೆ.

ಕಾಸ್ಟರ್ ಆ ಸಿಟ್ಟನ್ನು ಜಗಳಕ್ಕೆ ಬಳಸಲಿಲ್ಲ ಎಂಬುದು ಮೆಚ್ಚಬೇಕಾದ ಸಂಗತಿ. 1994ರ ಫೆಬ್ರವರಿಯಲ್ಲಿ ಅವರು ರೋಬಾಟ್ ಬರೆಯುತ್ತಿದ್ದವರ ಮುಂದೆ ಒಂದು ಸಲಹೆ ಇಟ್ಟರು. ಆಗ ಅಂಥವರು ಬೆರಳೆಣಿಕೆಯಷ್ಟೇ ಇದ್ದರು, ಬಹುಪಾಲು ಪರಸ್ಪರ ಇಮೇಲಿನಲ್ಲಿ ಪರಿಚಿತರು. ದೂರುಗಳ ಪಟ್ಟಿ ಉದ್ದವಿತ್ತು. ಕೆಲವು ರೋಬಾಟುಗಳು ಮಳೆಗರೆದಂತೆ ವಿನಂತಿ ಸುರಿಸುತ್ತಿದ್ದವು. ಕೆಲವು ತಳವೇ ಇಲ್ಲದ ಕೊಂಡಿಗಳ ಬಾವಿಗೆ ಇಳಿದು ಮೇಲೆ ಬರುತ್ತಲೇ ಇರಲಿಲ್ಲ. ಇನ್ನು ಕೆಲವು ಮತ ಹಾಕುವ ಕೊಂಡಿಯನ್ನೂ ಬಿಡದೆ ಒತ್ತಿ, ಯಾರೂ ಹಾಕದ ಮತವನ್ನು ದಾಖಲಿಸಿಬಿಡುತ್ತಿದ್ದವು. ತಾಣದ ಒಡೆಯ ‘ಇಲ್ಲಿ ಬರಬೇಡಿ’ ಎಂದು ಬರೆದಿಡಲು ಒಂದು ಜಾಗ ಬೇಕಿತ್ತು.

ಜಾಗವೆಂದರೆ ಎಲ್ಲಿ, ಹೆಸರೇನು? ಮೊದಲು ಸೂಚಿಸಿದ ಹೆಸರು ರೋಬಾಟ್ಸ್‌ನಾಟ್‌ವಾಂಟೆಡ್ ಎಂಬ ಉದ್ದನೆಯದು. ಅಂದಿನ ಡಾಸ್ ಯಂತ್ರಗಳಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ, ಬಾಲಕ್ಕೆ ಮೂರೇ ಅಕ್ಷರ. ಎಲ್ಲ ಯಂತ್ರದಲ್ಲೂ ಹಿಡಿಸಬೇಕು, ಸರ್ವರ್‌ನ ಸೆಟ್ಟಿಂಗ್ ಮುಟ್ಟುವ ಅಗತ್ಯ ಬರಬಾರದು, ನೆನಪಿನಲ್ಲಿ ಉಳಿಯಬೇಕು, ಯಾರೂ ಈಗಾಗಲೇ ಬಳಸಿರಬಾರದು. ತಿಂಗಳುಗಟ್ಟಲೆ ಚರ್ಚೆಯಾಗಿ 1994ರ ಜೂನ್ 30ರಂದು ಒಮ್ಮತ ಮೂಡಿತು: ತಾಣದ ಬೇರಿನಲ್ಲಿ, ಅಂದರೆ ಹೆಸರಿನ ನಂತರದ ಮೊದಲ ಗೀಟಿನ ಪಕ್ಕದಲ್ಲೇ, ‘ರೋಬಾಟ್ಸ್.ಟಿಎಕ್ಸ್‌ಟಿ’. ಬಂದ ರೋಬಾಟ್ ಮೊದಲು ಅದನ್ನು ಓದಬೇಕು, ಬೇಡವೆಂದ ಕಡೆ ಕಾಲಿಡಬಾರದು. ಕಾನೂನಿಲ್ಲ, ದಂಡವಿಲ್ಲ, ಬರೀ ಮಾತಿನ ಒಪ್ಪಂದ. ಆಗ ಭಾರತದಲ್ಲಿ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಲು ಇನ್ನೂ ಒಂದು ವರ್ಷ ಬಾಕಿಯಿತ್ತು.

ಒಪ್ಪಂದ ಗೆದ್ದಿತು. ಆ ಗೆಲುವಿನ ಒಳಗೆ ಒಂದು ತೊಡಕೂ ಕೂತಿತ್ತು, ಅದನ್ನು ಕಾಸ್ಟರ್ ಅವರೇ ಬರೆದಿಟ್ಟಿದ್ದರು. ಬೇರಿನಲ್ಲಿ ಫೈಲಿಡುವ ಅಧಿಕಾರ ಸರ್ವರ್ ನೋಡಿಕೊಳ್ಳುವವರಿಗೆ ಮಾತ್ರ. ಅದೇ ಸರ್ವರ್‌ನ ಒಳಕೋಣೆಗಳಲ್ಲಿ ಪುಟ ಬರೆದುಕೊಂಡವರಿಗೆ ಅಲ್ಲಿ ಕೈಯಾಡಿಸಲು ಆಗದು. ಅದಕ್ಕಿಂತ ದೊಡ್ಡ ತೊಡಕು ಯಾರ ಕಣ್ಣಿಗೂ ಬೀಳಲಿಲ್ಲ. ಹೊರಗಿನವರು ನಾಲ್ಕು ಜನ ಸೇರಿ, ಜಗತ್ತಿನ ಪ್ರತಿಯೊಂದು ತಾಣದಲ್ಲೂ ಒಂದು ವಿಳಾಸವನ್ನು ಒಡೆಯನನ್ನು ಕೇಳದೆ ತಮ್ಮದಾಗಿಸಿಕೊಂಡಿದ್ದರು. ಒಳ್ಳೆಯ ಉದ್ದೇಶಕ್ಕೇ ಮಾಡಿದ್ದು ನಿಜ. ದಾರಿ ಮಾತ್ರ ಎಲ್ಲರಿಗೂ ತೆರೆದುಕೊಂಡಿತು.

ಎರಡನೆಯವರು ಬರಲು ಐದು ವರ್ಷ ಹಿಡಿಯಿತು. ಮೈಕ್ರೋಸಾಫ್ಟ್‌ನಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಐದನೆಯ ಆವೃತ್ತಿ ಸಿದ್ಧವಾಗುತ್ತಿತ್ತು. ಭರತ್ ಶ್ಯಾಮ್ ಎಂಬ ಎಂಜಿನಿಯರ್‌ಗೆ ಒಂದು ಸಣ್ಣ ಆಸೆ. ಜನ ಮೆಚ್ಚಿ ಗುರುತಿಟ್ಟುಕೊಂಡ ತಾಣದ ಹೆಸರಿನ ಪಕ್ಕ ಆ ತಾಣದ್ದೇ ಪುಟ್ಟ ಚಿತ್ರ ಕಾಣಬೇಕು. ಒಂದು ರಾತ್ರಿ ಹೊತ್ತು ಮೀರುವವರೆಗೆ ಕೂತು ಅದನ್ನು ಬರೆದು ಮುಗಿಸಿದರು. ಹೊಸದೇನನ್ನು ಸೇರಿಸಲೂ ಮೇಲ್ವಿಚಾರಕರ ಒಪ್ಪಿಗೆ ಬೇಕು. ಆ ಹೊತ್ತಿನಲ್ಲಿ ಕಚೇರಿಯಲ್ಲಿ ಉಳಿದಿದ್ದವರು ರೇ ಸನ್ ಎಂಬ ಕಿರಿಯರು. ಅವರು ನೋಡಿದರು, ಇಷ್ಟಪಟ್ಟರು, ಒಪ್ಪಿದರು. ಮರುದಿನ ಹಿರಿಯರಿಗೆ ಗೊತ್ತಾಗಿ ಅಸಮಾಧಾನವಾಯಿತು. ಅಷ್ಟು ಹೊತ್ತಿಗೆ ಅದು ಒಳಗೆ ಸೇರಿಯಾಗಿತ್ತು.

1999ರ ಮಾರ್ಚ್‌ನಲ್ಲಿ ಬ್ರೌಸರ್ ಬಿಡುಗಡೆಯಾಯಿತು. ಪ್ರಪಂಚದ ಸರ್ವರ್ ನಿರ್ವಾಹಕರು ಬೆಳಿಗ್ಗೆ ಲಾಗ್ ತೆರೆದು ನೋಡಿದರೆ ಅರ್ಥವಾಗದ ಸಾಲುಗಳು. ‘ಫ್ಯಾವಿಕಾನ್.ಐಸಿಓ’ ಎಂಬ ಫೈಲನ್ನು ಯಾರೋ ಕೇಳುತ್ತಿದ್ದಾರೆ, ಅಂಥದ್ದು ಇಲ್ಲ ಎಂದು ಸರ್ವರ್ 404 ಹೇಳುತ್ತಿದೆ, ಮತ್ತೆ ಯಾರೋ ಕೇಳುತ್ತಿದ್ದಾರೆ. ತಾಣವನ್ನು ಮುರಿಯಲು ಯಾರಾದರೂ ಹೊಂಚು ಹಾಕಿದ್ದಾರೆಯೇ ಎಂಬ ಅನುಮಾನ ಸಹಜವಾಗಿತ್ತು. ಕಾರಣ ತಿಳಿದ ಮೇಲೆ ಇನ್ನೊಂದು ಗುಟ್ಟು ಹೊರಬಿತ್ತು. ಪುಟಕ್ಕೆ ಗುರುತಿಟ್ಟಾಗ ಮಾತ್ರ ಬ್ರೌಸರ್ ಆ ಚಿತ್ರ ಕೇಳುತ್ತಿದ್ದರಿಂದ, ತಮ್ಮ ತಾಣವನ್ನು ಎಷ್ಟು ಮಂದಿ ಗುರುತಿಟ್ಟುಕೊಂಡರು ಎಂದು ಒಡೆಯರು ಎಣಿಸಬಹುದಾಗಿತ್ತು. ಓದುಗರ ಖಾಸಗಿ ನಡೆಯೊಂದು ಅವರಿಗೇ ಗೊತ್ತಿಲ್ಲದೆ ಸರ್ವರ್‌ಗೆ ತಲುಪುತ್ತಿತ್ತು.

ಮೂರನೆಯ ಹೆಜ್ಜೆ ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. ವೆಬ್‌ನ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯೇ 2002ರ ಏಪ್ರಿಲ್‌ನಲ್ಲಿ ಪಿ3ಪಿ ಎಂಬ ಖಾಸಗಿತನದ ಮಾನಕ ಹೊರಡಿಸಿತು. ತಾಣ ತನ್ನ ಖಾಸಗಿತನದ ನೀತಿಯನ್ನು ಪ್ರಕಟಿಸಲು ಒಂದು ನಿಗದಿತ ಜಾಗವನ್ನೂ ಹೆಸರಿಸಿತು: ಬೇರಿನಲ್ಲಿ ‘ಡಬ್ಲ್ಯು3ಸಿ’ ಎಂಬ ಫೋಲ್ಡರ್, ಅದರೊಳಗೆ ಒಂದು ಫೈಲ್. ಮರುವರ್ಷ ಫ್ಲ್ಯಾಶ್‌ನವರು ‘ಕ್ರಾಸ್‌ಡೊಮೇನ್.ಎಕ್ಸ್‌ಎಂಎಲ್’ ತಂದರು. ಪ್ರತಿಯೊಬ್ಬರ ತರ್ಕವೂ ಒಂದೇ. ರೋಬಾಟಿನವರಿಗೆ ಜಾಗ ಸಿಕ್ಕಿದೆ, ನಮಗೇಕಿಲ್ಲ?

2003ರ ಫೆಬ್ರವರಿಯಲ್ಲಿ ಟಿಮ್ ಬರ್ನರ್ಸ್-ಲೀ ಇದಕ್ಕೆ ಎದುರು ನಿಂತರು. ವೆಬ್‌ಅನ್ನು ಕಟ್ಟಿದವರು ಅವರೇ, ಆಗ ಡಬ್ಲ್ಯು3ಸಿಯ ಮುಖ್ಯಸ್ಥರಾಗಿದ್ದವರೂ ಅವರೇ. ಅಂದರೆ ಆಕ್ಷೇಪ ತಮ್ಮದೇ ಸಂಸ್ಥೆಯ ಕೆಲಸವನ್ನೂ ಒಳಗೊಂಡಿತ್ತು. ಅವರ ವಾದ ಸರಳವಾಗಿತ್ತು. ಒಂದು ತಾಣದ ಹೆಸರು ಯಾರದೋ, ಅದರಡಿಯ ಎಲ್ಲ ವಿಳಾಸವೂ ಅವರದೇ. ಯಾವ ವಿಳಾಸದಲ್ಲಿ ಏನಿರಬೇಕೆಂದು ತೀರ್ಮಾನಿಸುವ ಹಕ್ಕು ಒಡೆಯರದು, ಹೊರಗೆ ಕೂತು ಮಾನಕ ಬರೆಯುವವರದಲ್ಲ. ಇಂದು ಮೂರು ಹೆಸರು, ನಾಳೆ ಮುನ್ನೂರು. ಸಂಸ್ಥೆಯ ವಾಸ್ತುಶಿಲ್ಪ ಸಮಿತಿಯ ಕಡತದಲ್ಲಿ ಅದು ಮೂವತ್ತಾರನೆಯ ಪ್ರಶ್ನೆಯಾಗಿ ದಾಖಲಾಯಿತು. ತಾಣದ ಬಗೆಗಿನ ಮಾಹಿತಿ ಇಡಲು ಇವೆಲ್ಲಕ್ಕಿಂತ ಉತ್ತಮವಾದ ದಾರಿ ಯಾವುದು?

ಉತ್ತರಕ್ಕೆ ಏಳು ವರ್ಷ ಬೇಕಾಯಿತು. ಈ ಏಳು ವರ್ಷಗಳ ಕತೆಯಲ್ಲಿ ಮಿಂಚಿಲ್ಲ, ಹಟವಿದೆ. ಶುದ್ಧ ದಾರಿಗಳು ಬೇಕಾದಷ್ಟಿದ್ದವು. ಪುಟ ಕಳಿಸುವಾಗಲೆಲ್ಲ ಅದರ ತಲೆಬರಹದಲ್ಲಿ ‘ಈ ತಾಣದ ಮಾಹಿತಿ ಇಂಥಲ್ಲಿದೆ’ ಎಂದು ಸರ್ವರ್ ಹೇಳಬಹುದಿತ್ತು. ಬ್ರೌಸರ್ ಮೊದಲು ‘ನಿನ್ನಲ್ಲಿ ಏನೇನಿದೆ’ ಎಂದು ಕೇಳಿ ಆಮೇಲೆ ಮುಂದುವರಿಯಬಹುದಿತ್ತು. ಕಾಗದದ ಮೇಲೆ ಇವು ಚೆನ್ನಾಗಿದ್ದವು. ಆದರೆ ಒಂದೊಂದಕ್ಕೂ ಸರ್ವರ್‌ನ ಒಳಗನ್ನು ತಿದ್ದಬೇಕು, ಇಲ್ಲವೇ ಹೋಗಿ ಬರುವ ಇನ್ನೊಂದು ಸುತ್ತಿಗೆ ಕಾಯಬೇಕು. ತಿಂಗಳಿಗೆ ಅಲ್ಪ ಬಾಡಿಗೆ ಕೊಟ್ಟು ಬೇರೆಯವರ ಸರ್ವರ್‌ನಲ್ಲಿ ಜಾಗ ಹಿಡಿದ ಸಾಮಾನ್ಯರಿಗೆ ಒಳಗಿನ ಸೆಟ್ಟಿಂಗ್ ಮುಟ್ಟುವ ಅವಕಾಶ ಎಲ್ಲಿತ್ತು? ಅವರ ಕೈಗೆ ಸಿಗುತ್ತಿದ್ದದ್ದು ಒಂದೇ ಕೆಲಸ, ಫೈಲ್ ತಂದು ಇಡುವುದು. ಸಿದ್ಧಾಂತ ಗೆದ್ದ ಕಡೆಯೆಲ್ಲ ಬಳಕೆ ಸೋತಿತು. ಬಳಕೆ ಗೆದ್ದ ಕಡೆ ಬೇರಿನಲ್ಲಿ ಮತ್ತೊಂದು ಫೈಲ್ ಹುಟ್ಟಿತು. 2005ರಲ್ಲಿ ಗೂಗಲ್ ಸೈಟ್‌ಮ್ಯಾಪ್ ತಂದಿತು. ಆ್ಯಪಲ್ ತನ್ನ ಫೋನಿಗಾಗಿ ಚಿತ್ರದ ಫೈಲ್ ಕೇಳತೊಡಗಿತು. ಬರ್ನರ್ಸ್-ಲೀ ಹೆದರಿದ್ದು ನಿಜವಾಗುತ್ತಿತ್ತು.

ಗಂಟು ಬಿಡಿಸಲು ಕೂತವರು ಇಬ್ಬರು. ಆಸ್ಟ್ರೇಲಿಯದ ಮೆಲ್ಬರ್ನ್‌ನ ಮಾರ್ಕ್ ನಾಟಿಂಗ್‌ಹ್ಯಾಂ ವೆಬ್‌ನ ಸಂವಹನ ನಿಯಮಗಳನ್ನು ಅರೆದು ಕುಡಿದವರು. ಕತೆ ಹುಟ್ಟಿದ ಊರಿನ ಹೆಸರೇ ಅವರ ಮನೆತನದ ಹೆಸರಾಗಿದ್ದು ಕೇವಲ ಕಾಕತಾಳೀಯ. ಇನ್ನೊಬ್ಬರು ಎರಾನ್ ಹ್ಯಾಮರ್-ಲಹಾವ್. ಒಂದು ತಾಣದ ಬಳಕೆದಾರರು ತಮ್ಮ ಪಾಸ್‌ವರ್ಡ್ ಬಿಟ್ಟುಕೊಡದೆ ಇನ್ನೊಂದು ತಾಣಕ್ಕೆ ಅನುಮತಿ ಕೊಡುವ ಓಆತ್ ವಿಧಾನವನ್ನು ಬರಹಕ್ಕೆ ಇಳಿಸುತ್ತಿದ್ದವರು. ಅವರಿಗೆ ಇದು ತತ್ತ್ವದ ಪ್ರಶ್ನೆಯಲ್ಲ, ದಿನದ ಅಡಚಣೆ. ಅಪರಿಚಿತ ತಾಣದ ಮುಂದೆ ನಿಂತ ಪ್ರೋಗ್ರಾಂ, ಲಾಗಿನ್ ವ್ಯವಸ್ಥೆ ಎಲ್ಲಿದೆ ಎಂದು ಯಾರನ್ನು ಕೇಳಬೇಕು?

2008ರಲ್ಲಿ ನಾಟಿಂಗ್‌ಹ್ಯಾಂ ಮೊದಲ ಕರಡು ಬರೆದರು. ಬೇರಿನಲ್ಲಿ ‘ಸೈಟ್-ಮೆಟಾ’ ಎಂಬ ಒಂದೇ ಒಂದು ಫೈಲ್. ಉಳಿದೆಲ್ಲ ಮಾಹಿತಿಯ ವಿಳಾಸಗಳು ಅದರೊಳಗೆ. ಇದೊಂದೇ ಕೊನೆಯ ಅತಿಕ್ರಮಣ, ಇದಾದ ಮೇಲೆ ಬೇರೆ ಬೇಡ ಎಂಬ ಲೆಕ್ಕ. ಕರಡು ಮುಂದುವರಿದಂತೆ ಹೆಸರು ‘ಹೋಸ್ಟ್-ಮೆಟಾ’ ಎಂದಾಯಿತು. ತೊಡಕು ಮಾತ್ರ ಬಿಡಲಿಲ್ಲ. ಒಂದೇ ಫೈಲ್ ಎಂದರೆ ಅದನ್ನು ಬರೆಯುವ ಒಂದೇ ಶೈಲಿಗೆ ಎಲ್ಲರೂ ಒಪ್ಪಬೇಕು. ಖಾಸಗಿತನದವರು, ಲಾಗಿನ್‌ನವರು, ಹುಡುಕುವವರು ಎಲ್ಲರ ಪ್ರೋಗ್ರಾಮುಗಳೂ ಅದೇ ಫೈಲನ್ನು ತಿದ್ದುವಾಗ ಒಬ್ಬರದನ್ನು ಒಬ್ಬರು ಅಳಿಸದಂತೆ ಕಾಯಬೇಕು. ಓದುವವರು ಮೊದಲು ಇದನ್ನು ತೆರೆದು, ಆಮೇಲೆ ಅದು ತೋರಿಸಿದ ಕಡೆ ಮತ್ತೊಮ್ಮೆ ಹೋಗಬೇಕು. ಎರಡೆರಡು ಪ್ರಯಾಣ.

ಆಗ ಯೋಚನೆ ತಿರುಗಿತು. ಫೈಲಿನ ಬದಲು ಬರೀ ಜಾಗವನ್ನೇ ಕಾದಿರಿಸಿದರೆ? ದಾವಣಗೆರೆಯ ದೇವರಾಜ ಅರಸು ಬಡಾವಣೆಯಂಥದ್ದನ್ನು ನಕ್ಷೆಯಲ್ಲಿ ಬಿಡಿಸುವಾಗ ಪ್ರಾಧಿಕಾರದವರು ಸೈಟುಗಳನ್ನೆಲ್ಲ ಹಂಚಿಬಿಡುವುದಿಲ್ಲ. ಶಾಲೆಗೆ, ಆಸ್ಪತ್ರೆಗೆ, ಅಂಚೆ ಕಚೇರಿಗೆ ಮುಂದೆ ಬೇಕಾದೀತೆಂದು ಸಿ.ಎ. ಸೈಟು ಬಿಟ್ಟಿರುತ್ತಾರೆ. ಅಲ್ಲಿ ಏನು ಬರುತ್ತದೆಂದು ಆ ದಿನ ಗೊತ್ತಿರುವುದಿಲ್ಲ, ಆದರೆ ಯಾರ ಮನೆಯಂಗಳಕ್ಕೂ ಕೈಹಾಕದೆ ಬರಬಹುದೆಂದು ಗೊತ್ತಿರುತ್ತದೆ. ವೆಬ್‌ನ ಪ್ರತಿಯೊಂದು ತಾಣದ ನಕ್ಷೆಯಲ್ಲೂ ಅಂಥ ಒಂದೇ ಒಂದು ಸೈಟು ಬಿಡಬೇಕು ಎಂಬುದೇ ಪರಿಹಾರವಾಯಿತು. ಅದರೊಳಗೆ ಯಾರು ಯಾವ ಹೆಸರಿನಲ್ಲಿ ಕೂರುತ್ತಾರೆ ಎಂಬ ದಾಖಲೆ ಪುಸ್ತಕವನ್ನು, ಇಂಟರ್‌ನೆಟ್ಟಿನ ಸಂಖ್ಯೆ ಹೆಸರುಗಳ ಲೆಕ್ಕ ಇಡುವ ಐಯಾನಾ ನೋಡಿಕೊಳ್ಳಲಿ ಎಂದು ಗೊತ್ತುಮಾಡಿದರು.

ಇನ್ನು ಆ ಸೈಟಿಗೊಂದು ಹೆಸರು. ಚಿಕ್ಕದಾಗಿರಬೇಕು, ನೋಡಿದರೆ ಅರ್ಥ ಹೊಳೆಯಬೇಕು, ಯಾರ ತಾಣದಲ್ಲೂ ಈಗಾಗಲೇ ಇರಬಾರದು. ಹುಡುಕುಯಂತ್ರಗಳ ಸೂಚಿಗಳನ್ನು ನೋಡಿ, ಅಷ್ಟಾಗಿ ಬಳಕೆಯಲ್ಲಿಲ್ಲ ಎಂದು ಖಚಿತಪಡಿಸಿಕೊಂಡು ಆರಿಸಿದ ಹೆಸರು ‘.ವೆಲ್-ನೋನ್’. ಮೊದಲಿಗೆ ಒಂದು ಚುಕ್ಕಿ.

ಆ ಚುಕ್ಕಿಗೆ ಅದಕ್ಕೂ ಹಳೆಯದೊಂದು ಆಕಸ್ಮಿಕದ ಚರಿತ್ರೆಯಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ರೂಪುಗೊಳ್ಳುತ್ತಿದ್ದ ದಿನಗಳಲ್ಲಿ ಪ್ರತಿ ಫೋಲ್ಡರ್‌ನಲ್ಲೂ ಒಂಟಿ ಚುಕ್ಕಿ ಮತ್ತು ಜೋಡಿ ಚುಕ್ಕಿ ಎಂಬ ಎರಡು ನಮೂದುಗಳಿರುತ್ತಿದ್ದವು. ಒಂದು ಆ ಫೋಲ್ಡರನ್ನೇ, ಇನ್ನೊಂದು ಅದರ ತಾಯಿ ಫೋಲ್ಡರನ್ನು ತೋರಿಸುತ್ತಿತ್ತು. ಪಟ್ಟಿ ಮಾಡಿದಾಗಲೆಲ್ಲ ಅವು ಅಡ್ಡ ಬರುವುದನ್ನು ತಪ್ಪಿಸಲು ಯಾರೋ ಒಂದು ಸುಲಭದ ಸಾಲು ಬರೆದರು: ಹೆಸರಿನ ಮೊದಲ ಅಕ್ಷರ ಚುಕ್ಕಿಯಾದರೆ ತೋರಿಸಬೇಡ. ಎರಡನ್ನು ಬಚ್ಚಿಡಲು ಹೋಗಿ, ಚುಕ್ಕಿಯಿಂದ ಶುರುವಾಗುವ ಎಲ್ಲವನ್ನೂ ಬಚ್ಚಿಟ್ಟಂತಾಯಿತು. ಗುಪ್ತ ಫೈಲುಗಳೆಂಬ ಪದ್ಧತಿ ಹುಟ್ಟಿದ್ದು ಹಾಗೆ ಎಂದು ಅಲ್ಲೇ ಕೆಲಸ ಮಾಡಿದ್ದ ರಾಬ್ ಪೈಕ್ ಬರೆದಿದ್ದಾರೆ. ಚುಕ್ಕಿಯ ಹೆಸರುಗಳು ಸೆಟ್ಟಿಂಗ್‌ಗಳಿಗೆ ಮೀಸಲಾದವು. ಸಾರ್ವಜನಿಕ ಪುಟಕ್ಕೆ ಅಂಥ ಹೆಸರಿಡುವವರು ಅಪರೂಪ. ದಶಕಗಳ ಹಿಂದಿನ ಆ ಅವಸರದ ಸಾಲಿನಿಂದಾಗಿ ವೆಬ್‌ನಲ್ಲಿ ಒಂದು ಮೂಲೆ ಖಾಲಿ ಉಳಿದಿತ್ತು.

2010ರ ಏಪ್ರಿಲ್‌ನಲ್ಲಿ ‘.ವೆಲ್-ನೋನ್’ ಪ್ರಸ್ತಾಪ ಇಂಟರ್‌ನೆಟ್ ಮಾನಕಗಳ ಸರಣಿಯಲ್ಲಿ ಆರ್‌ಎಫ್‌ಸಿ 5785 ಎಂಬ ಸಂಖ್ಯೆ ಪಡೆದು ಪ್ರಕಟವಾಯಿತು. ಕೆಲವೇ ಪುಟದ ದಾಖಲೆ. ಅದರ ಪ್ರಾಮಾಣಿಕತೆ ಇಂದಿಗೂ ಮನಸ್ಸು ಗೆಲ್ಲುತ್ತದೆ. ಹೀಗೆ ಜಾಗ ನಿಗದಿಪಡಿಸುವುದು ವೆಬ್‌ಗೆ ಕೆಡುಕಲ್ಲವೇ ಎಂಬ ಪ್ರಶ್ನೆಯನ್ನು ಬರೆದವರೇ ಎತ್ತಿಕೊಂಡು, ಹೌದು ಎಂದು ಒಪ್ಪಿದ್ದರು. ಆದರೂ ಕೆಲವೊಮ್ಮೆ ಬೇಕಾಗುತ್ತದೆ, ಬೇಕಾದಾಗ ಹಾನಿ ಒಂದೇ ಬೇಲಿಯೊಳಗೆ ಉಳಿಯಲಿ ಎಂಬುದು ಅವರ ಉತ್ತರ. ಹಳೆಯದನ್ನು ಒಕ್ಕಲೆಬ್ಬಿಸಲಿಲ್ಲ. ರೋಬಾಟ್ಸ್ ಫೈಲು ಬೇರಿನಲ್ಲೇ ಉಳಿಯಿತು. 2022ರಲ್ಲಿ ಅದಕ್ಕೆ ಅಧಿಕೃತ ಮಾನಕದ ಮುದ್ರೆ ಬಿದ್ದಾಗಲೂ ಜಾಗ ಬದಲಾಗಲಿಲ್ಲ. ಆ ದಾಖಲೆಯ ಲೇಖಕರಲ್ಲಿ ಮೊದಲ ಹೆಸರು ಮಾರ್ಟೈನ್ ಕಾಸ್ಟರ್ ಅವರದೇ.

ಕಾದಿರಿಸಿದ ಸೈಟು ಕೆಲವು ವರ್ಷ ಹೆಚ್ಚುಕಡಿಮೆ ಖಾಲಿಯೇ ಬಿದ್ದಿತ್ತು. ಅದನ್ನು ತುಂಬಿಸಿದ್ದು ಲೆಟ್ಸ್ ಎನ್‌ಕ್ರಿಪ್ಟ್. ವಿಳಾಸಪಟ್ಟಿಯ ಬೀಗದ ಗುರುತಿಗೆ ಬೇಕಾದ ಪ್ರಮಾಣಪತ್ರಕ್ಕೆ ಅದುವರೆಗೆ ಹೆಚ್ಚಿನವರು ಹಣ ಕೊಡಬೇಕಿತ್ತು. ಈ ಸಂಸ್ಥೆ ಅದನ್ನು ಉಚಿತವಾಗಿ, ಮನುಷ್ಯರ ಕೈ ತಾಗದಂತೆ ಕೊಡಲು ಹೊರಟಿತು. 2015ರ ಡಿಸೆಂಬರ್ 3ರಂದು ಎಲ್ಲರಿಗೂ ಬಾಗಿಲು ತೆರೆಯಿತು. ತಾಣ ನಿಮ್ಮದೇ ಎನ್ನುವುದಕ್ಕೆ ಸಾಕ್ಷಿ ಏನು? ಸಂಸ್ಥೆ ಊಹಿಸಲಾಗದ ಒಂದು ಸಾಲು ಕೊಡುತ್ತದೆ, ಅದನ್ನು ‘.ವೆಲ್-ನೋನ್’ ಒಳಗಿನ ಒಂದು ಜಾಗದಲ್ಲಿ ಇಟ್ಟು ತೋರಿಸಬೇಕು. ಬೇರೆ ಕಡೆ ಫೈಲ್ ಏರಿಸಲು ಹೊರಗಿನವರಿಗೆ ಅವಕಾಶ ಕೊಡುವ ತಾಣಗಳುಂಟು. ಈ ಕಾದಿರಿಸಿದ ಜಾಗದಲ್ಲಿ ಇಡಬಲ್ಲವರು ಒಡೆಯರು ಮಾತ್ರ.

ಎಲ್ಲ ಸರಿಯಾಗಿದೆ ಎನ್ನುವಾಗ ಚುಕ್ಕಿ ಅಡ್ಡಗಾಲು ಹಾಕಿತು. ಗುಪ್ತ ಫೈಲುಗಳು ಹೊರಗೆ ಸೋರಬಾರದೆಂದು ಅನುಭವಿ ನಿರ್ವಾಹಕರು ಬಹಳ ಹಿಂದೆಯೇ ಚುಕ್ಕಿಯಿಂದ ಶುರುವಾಗುವ ಯಾವ ವಿಳಾಸವನ್ನೂ ಕೊಡಬೇಡವೆಂದು ಸರ್ವರ್‌ಗೆ ಹೇಳಿಟ್ಟಿದ್ದರು. ಪರೀಕ್ಷಿಸಲು ಬಂದ ಸಂಸ್ಥೆಯ ಯಂತ್ರಕ್ಕೆ ಬಾಗಿಲು ತೆರೆಯಲಿಲ್ಲ. ಫೈಲ್ ಕಣ್ಣೆದುರೇ ಇದೆ, ಆದರೂ ಇಲ್ಲ ಎನ್ನುತ್ತಿದೆ ಸರ್ವರ್. ವಿಂಡೋಸ್ ಬಳಸುವವರ ಪಾಡು ಇನ್ನೊಂದು ಬಗೆ. ಹೊಸ ಫೋಲ್ಡರ್‌ಗೆ ಚುಕ್ಕಿಯಿಂದ ಶುರುವಾಗುವ ಹೆಸರು ಕೊಟ್ಟರೆ, ಹೆಸರೇ ಕೊಟ್ಟಿಲ್ಲ ಎಂದು ಎಕ್ಸ್‌ಪ್ಲೋರರ್ ಗೊಣಗುತ್ತಿತ್ತು. ಕೊನೆಯಲ್ಲೂ ಒಂದು ಚುಕ್ಕಿ ಹಾಕಿದರೆ ಮಾತ್ರ ಅದು ಸಮಾಧಾನಗೊಂಡು, ಆ ಕೊನೆಯ ಚುಕ್ಕಿಯನ್ನು ತಾನೇ ಅಳಿಸಿ ಹೆಸರನ್ನು ಒಪ್ಪಿಕೊಳ್ಳುತ್ತಿತ್ತು. ಇಂಥ ಉಪಾಯಗಳು ಬಾಯಿಂದ ಬಾಯಿಗೆ ಹರಡಿದವು. ‘ಚುಕ್ಕಿಯವು ಬೇಡ, ಇದೊಂದನ್ನು ಬಿಟ್ಟು’ ಎಂದು ಸಾವಿರಾರು ಸರ್ವರ್‌ಗಳ ನಿಯಮದಲ್ಲಿ ಒಂದೊಂದೇ ಸಾಲು ಸೇರಿತು. ಆ ದುಡಿಮೆಯಲ್ಲಿ ಯಾರ ಹೆಸರೂ ಉಳಿಯಲಿಲ್ಲ, ಆದರೆ ಕಾಗದದ ಮೇಲಿನ ಮಾನಕ ನೆಲಕ್ಕಿಳಿದದ್ದು ಅದರಿಂದಲೇ.

ಅಲ್ಲಿಂದ ಸೈಟು ತುಂಬತೊಡಗಿತು. 2019ರ ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಂ ದಾಖಲೆಯನ್ನು ಪರಿಷ್ಕರಿಸಿ ಆರ್‌ಎಫ್‌ಸಿ 8615 ಎಂದು ಹೊರತಂದರು. ತಾಣದಲ್ಲಿ ಭದ್ರತೆಯ ದೋಷ ಕಂಡವರು ಯಾರಿಗೆ ತಿಳಿಸಬೇಕೆಂದು ಬರೆದಿಡುವ ‘ಸೆಕ್ಯುರಿಟಿ.ಟಿಎಕ್ಸ್‌ಟಿ’ 2022ರಲ್ಲಿ ಅಲ್ಲೇ ನೆಲೆ ಕಂಡಿತು. ಆ್ಯಪಲ್ ತನ್ನ ಆ್ಯಪ್ ಜೋಡಣೆಯ ಫೈಲನ್ನು ಮೊದಲು ಬೇರಿನಲ್ಲಿ ಕೇಳುತ್ತಿತ್ತು, ಆಮೇಲೆ ಈ ಫೋಲ್ಡರ್‌ನಲ್ಲೂ ಹುಡುಕತೊಡಗಿತು. ಪಾಸ್‌ವರ್ಡ್ ಬದಲಿಸುವ ಪುಟ ಎಲ್ಲಿದೆ ಎಂದು ತೋರಿಸುವ ಒಂದು ಹೆಸರೂ ದಾಖಲೆ ಪುಸ್ತಕ ಸೇರಿತು.

ಕೆಲಸ ನಡೆಯುವ ಬಗೆ ಇಷ್ಟೇ. ದೇವರಾಜ ಅರಸು ಬಡಾವಣೆಯ ಮನೆಯೊಂದರಲ್ಲಿ ಯಾರೋ ಆ್ಯಂಡ್ರಾಯ್ಡ್ ಫೋನಿಗೆ ಹೊಸ ಆ್ಯಪ್ ಹಾಕಿಕೊಂಡರೆನ್ನಿ. ಇಂಥ ತಾಣದ ಕೊಂಡಿಗಳನ್ನು ತೆರೆಯುವ ಹಕ್ಕು ತನ್ನದು ಎಂದು ಆ್ಯಪ್ ಹೇಳುತ್ತದೆ. ಫೋನ್ ಆ ಮಾತನ್ನು ಹಾಗೇ ನಂಬುವುದಿಲ್ಲ. ತಾಣದ ಹೆಸರಿನ ಮುಂದೆ ‘/.ವೆಲ್-ನೋನ್/’ ಸೇರಿಸಿ, ಅದರ ಮುಂದೆ ಐಯಾನಾದಲ್ಲಿ ದಾಖಲಾದ ‘ಅಸೆಟ್‌ಲಿಂಕ್ಸ್.ಜೆಸನ್’ ಎಂಬ ಹೆಸರನ್ನಿಟ್ಟು ಆ ಫೈಲನ್ನು ತರಿಸಿಕೊಂಡು ನೋಡಲಾಗುತ್ತದೆ. ಅದರಲ್ಲಿ ತಾಣದ ಒಡೆಯರು ತಮ್ಮ ಆ್ಯಪ್‌ನ ಹೆಸರನ್ನೂ ಅದರ ಸಹಿಯ ಬೆರಳಚ್ಚನ್ನೂ ಬರೆದಿಟ್ಟಿರುತ್ತಾರೆ. ಹೊಂದಿದರೆ ಕೊಂಡಿ ನೇರ ಆ್ಯಪ್‌ನಲ್ಲಿ ತೆರೆಯುತ್ತದೆ, ಹೊಂದದಿದ್ದರೆ ಬ್ರೌಸರ್‌ನಲ್ಲಿ. ಯಾರನ್ನೂ ದಾರಿ ಕೇಳಬೇಕಿಲ್ಲ, ತಾಣದ ಉಳಿದ ಯಾವ ವಿಳಾಸವನ್ನೂ ಮುಟ್ಟಬೇಕಿಲ್ಲ.